ನಳ ಬಂದ ದಿನ ಬೋಟು ಚಾಲೂ

ಹುಬ್ಬಳ್ಳಿಯಲ್ಲಿ ಕೂತು ಸೆಕೆಂಡ್‌ಹ್ಯಾಂಡ್ ಜೆಟ್ ಬೋಟ್ ಕೊಳ್ಳುವ ಲೆಕ್ಕ ಹಾಕಲು ಭಂಡಧೈರ್ಯ ಬೇಕು. ಅದು ನನ್ನ ಷಡ್ಡಕನಿಗೆ ಧಾರಾಳವಾಗಿದೆ. ಕಾರವಾರದಲ್ಲಿ ಯಾರೋ ಮಾರ್ತಿದ್ದಾರೆ, ಅರ್ಧ ನೀವು ಹಾಕಿ, ಅರ್ಧ ನಾನು ಅಂತ ಚಹಾ ಕಪ್ಪು ಕೆಳಗಿಡುವ ಮೊದಲೇ ಶುರು ಮಾಡಿದ.

"ಅಣ್ಣಾರ, ಇದಕ್ಕ ಹೊರಗ ಫ್ಯಾನ್ ಇರಂಗಿಲ್ಲ. ಗೇಣುದ್ದ ನೀರಿದ್ರ ಸಾಕು, ಓಡತೈತಿ."

ಮಾತು ಸುಳ್ಳಲ್ಲ. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಇದನ್ನು ತಯಾರಿಸಿದ್ದೇ ಅಲ್ಲಿನ ಆಳವಿಲ್ಲದ ಹೊಳೆಗಳಿಗಾಗಿ. ತಳದಿಂದ ನೀರು ಎಳೆದುಕೊಂಡು ಹಿಂದಿನಿಂದ ಜೋರಾಗಿ ಉಗುಳುತ್ತದೆ, ಆ ರಭಸಕ್ಕೆ ದೋಣಿ ಮುಂದೆ ಓಡುತ್ತದೆ. 1960ರಲ್ಲಿ ಇಂಥ ದೋಣಿಗಳು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕೊಲರಾಡೋ ನದಿಯ ಸೆಳವಿಗೆ ಎದುರಾಗಿ ಹತ್ತಿದ್ದವು. ಇದನ್ನು ಹೇಳುವಾಗ ಷಡ್ಡಕ ತಾನೇ ಹತ್ತಿ ಬಂದವನ ಹಾಗೆ ಮೀಸೆ ತಿರುವಿದ.

"ಬೆಣ್ಣಿಹಳ್ಳ ಹತ್ತತೈತೇನು?" ಅಂದಳು ಅಡುಗೆಮನೆಯಿಂದ ನನ್ನ ಹೆಂಡತಿ.

ಓಡಿಸೋದು ಎಲ್ಲಿ ಅನ್ನುವಲ್ಲಿಗೆ ಲೆಕ್ಕ ಸಿಕ್ಕಿಹಾಕಿಕೊಂಡಿತು. ಉಣಕಲ್ ಕೆರೆಗೆ ಅಂತರಗಂಗೆಯ ಕಾಟ. ಅದರ ಬೇರು ಬಾಯಿಗೆ ಸಿಕ್ಕರೆ ಜೆಟ್ ಬೋಟ್ ಅಲ್ಲೇ ಉಸಿರುಗಟ್ಟುತ್ತದೆ. ಹಾವೇರಿ ಕಡೆ ತುಂಗಭದ್ರೆಯಲ್ಲಿ ಬೇಸಿಗೆಯಲ್ಲಿ ನೀರಿಗಿಂತ ಉಸುಕು ಜಾಸ್ತಿ. ನೀರಿನ ಜತೆ ಉಸುಕೂ ಒಳಗೆ ಹೋಗಿ ಇಂಪೆಲ್ಲರ್, ಅಂದರೆ ನೀರು ತಳ್ಳುವ ಒಳಗಿನ ಫ್ಯಾನ್, ತಿನ್ನುತ್ತದೆ. ಕಾರವಾರದಲ್ಲೇ ಬಿಡೋಣ ಅಂದರೆ ಪ್ರತಿ ಸಲ ಅರಬೈಲ್ ಘಾಟಿ ಇಳಿದು 150 ಕಿಲೋಮೀಟರಿಗೂ ಜಾಸ್ತಿ ದೂರ. ಮೇಲೆ 2021ರ ಒಳನಾಡು ಹಡಗು ಕಾಯ್ದೆ ಪ್ರಕಾರ ನದಿ, ಕೆರೆಯಲ್ಲಿ ಓಡುವ ಎಂಜಿನ್ ದೋಣಿಗೆ ನೋಂದಣಿ ಬೇಕು. ಪೆಟ್ರೋಲ್ ಸುದ್ದಿ ತೆಗೆಯದಿರೋದೇ ಒಳ್ಳೇದು.

ಆದರೂ ನೋಡಿ ಬರೋಣ ಅಂತ ಹೊರಟೆವು. ಸುಮ್ನೆ, ಅಲ್ವಾ? ನೋಡೋಕೆ ಯಾರೂ ದುಡ್ಡು ಕೇಳಲ್ಲ. ಗೋಕುಲ ರೋಡಿನ ಪಂಪ್‌ಸೆಟ್ ರಿಪೇರಿಯವನನ್ನೂ ಕರಕೊಂಡೆವು. ಬೋಟ್ ಮೆಕ್ಯಾನಿಕ್ ಅನ್ನುವ ಜಾತಿ ನಮ್ಮೂರಲ್ಲಿ ಇಲ್ಲ.

ಅವನು ಬೋಟಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಮೊಬೈಲ್ ಟಾರ್ಚ್ ಬಿಟ್ಟು ಬಗ್ಗಿ ನೋಡಿದ. "ಇದೇನ್ರೀ, ನಮ್ಮ ಪಂಪ್‌ಸೆಟ್ಟೇ ಅಲ್ಲೇನು!" ಅಂದ. ಕೈ ಒಳಗೆ ಹಾಕಿ ಶಾಫ್ಟಿಗೆ ಸುತ್ತಿಕೊಂಡಿದ್ದ ಮೀನಬಲೆಯ ನೀಲಿ ದಾರ ಎಳೆದ. ಅದು ಬರುತ್ತಲೇ ಹೋಯಿತು. ಮಾರುವವನು ಆಕಾಶ ನೋಡಿದ. ಆಮೇಲೆ ರಿಪೇರಿಯವನು ಇಂಪೆಲ್ಲರ್ ತುದಿಗೂ ಸುತ್ತಲಿನ ರಿಂಗಿಗೂ ನಡುವೆ ಉಗುರು ತೂರಿಸಿದ. ಉಗುರಷ್ಟೇ ಅಲ್ಲ, ಬೆರಳ ತುದಿಯೂ ಹೋಯಿತು.

"ಗ್ಯಾಪ್ ಬಾಳ ಆಗೈತ್ರಿ. ಎಂಜಿನ್ ಒದರತೈತಿ, ಬೋಟ್ ಮುಂದ ಹೋಗಂಗಿಲ್ಲ."

ಮಾರುವವನು ಮಾತು ಬದಲಿಸಿ ಓಡಿಸುವ ವಿದ್ಯೆ ಹೇಳಿಕೊಟ್ಟ. ಇದಕ್ಕೆ ಬ್ರೇಕ್ ಇಲ್ಲ. ಎಕ್ಸಲರೇಟರ್ ಬಿಟ್ಟರೆ ನೀರು ಉಗುಳೋದು ಕಮ್ಮಿಯಾಗಿ ಸ್ಟೇರಿಂಗೂ ಕೆಲಸ ಮಾಡೋದಿಲ್ಲ. ಎದುರಿಗೆ ಏನಾದರೂ ಬಂದರೆ ಎಕ್ಸಲರೇಟರ್ ಕೊಟ್ಟೇ ತಿರುಗಿಸಬೇಕು. ಚೆನ್ನಮ್ಮ ಸರ್ಕಲ್‌ನಲ್ಲಿ ಆಟೋದವರು ಮಾಡೋದೂ ಇದನ್ನೇ, ಹಾಗಾಗಿ ಷಡ್ಡಕನಿಗೆ ತಕ್ಷಣ ಅರ್ಥವಾಯಿತು.

ಉಪ್ಪುನೀರಲ್ಲಿ ಓಡಿಸಿದ ಮೇಲೆ ಪ್ರತಿ ಸಲ ಸಿಹಿನೀರು ಬಿಟ್ಟು ಎಂಜಿನ್ ತೊಳೆಯಬೇಕಂತೆ. ಮನೆ ಮುಂದೆ ನಿಲ್ಲಿಸಿ ಚಾಲೂ ಮಾಡಿದರೂ ಪೈಪ್ ಹಚ್ಚಬೇಕು. ಮೊದಲು ಎಂಜಿನ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಎಂಜಿನ್. ತಪ್ಪಿದರೆ ಎಂಜಿನ್ ಒಳಗೇ ನೀರು.

ಇದನ್ನು ಫೋನಲ್ಲಿ ಕೇಳಿದ ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಸವದತ್ತಿಯಿಂದ ಮಲಪ್ರಭಾ ನೀರು ನಮ್ಮ ನಳಕ್ಕ ಯಾವಾಗ ಬರತೈತಿ ಗೊತ್ತೈತೇನ್ರೀ ನಿಮಗ? ಬಂದ ದಿನ ನಾ ಕೊಡಾ ತುಂಬಸಲೋ, ನಿಮ್ಮ ಬೋಟಿಗೆ ಬಾಯಿ ಮುಕ್ಕಳಸಲೋ?" ಮತ್ತೆ ಅವಳೇ ದನಿ ತಗ್ಗಿಸಿ ಕೇಳಿದಳು: "ಒಳಗ ಎಷ್ಟು ಕೊಡಾ ನೀರು ಹಿಡಿತೈತಿ? ತೂತು ಇಲ್ಲಾ ಅಂದ್ರ ಅಂಗಳದಾಗ ಇಟ್ಕೊಳ್ಳೂಣು."

ಲಾಭದ ಕಡೆ ಬರೆಯೋಕೆ ಸಿಕ್ಕಿದ್ದು ಇದೊಂದೇ. ಅದೂ ನಿಲ್ಲಲಿಲ್ಲ. ಅದೇ ಬೆಲೆಗೆ ಎಷ್ಟು ಸಿಂಟೆಕ್ಸ್ ಟ್ಯಾಂಕ್ ಬರುತ್ತವೆ ಅಂತ ಪಂಪ್‌ಸೆಟ್ಟಿನವನು ಅಲ್ಲೇ ಬಾಯಿಲೆಕ್ಕ ಹಾಕಿ ಹೇಳಿಬಿಟ್ಟ.

ಹಾವೇರಿಯ ಮಾವನವರಿಗೆ ಸುದ್ದಿ ಮುಟ್ಟಿದ್ದು ಮರುದಿನ. "ಬೋಟ್ ಬ್ಯಾಡ. ಅದರ ಕೆಳಗಿನ ಟ್ರೇಲರ್ ಅಷ್ಟ ಕೊಡ್ತಾನೇನು ಕೇಳು, ಗೋವಿನಜೋಳ ಹೇರಾಕ ಬರತೈತಿ" ಅಂದರು. ಬಿಡಿಯಾಗಿ ಕೊಡೋದಿಲ್ಲ ಅಂತಿದ್ದಾನೆ ಅವನು. ಷಡ್ಡಕ ಇನ್ನೂ ಚೌಕಾಸಿ ಮಾಡ್ತಿದ್ದಾನೆ.