ವಯಸ್ಸಾದವರ ಚಿತ್ರಕ್ಕೆ ತಪ್ಪು ಹೇಳುವವರು ಬೇಕು

ನಮ್ಮ ಕಡೆ ಐವತ್ತು ದಾಟಿದವರು ಕ್ಯಾನ್ವಾಸ್, ಬಣ್ಣ ತಂದಿಟ್ಟುಕೊಂಡರೆ ಮನೆಯವರಿಗೆಲ್ಲ ಖುಷಿ. ಟೈಮ್ ಪಾಸ್ ಆಗುತ್ತೆ, ಬಿಪಿನೂ ಇಳಿಯುತ್ತೆ ಅಂತಾರೆ. ಅದೇ ಮನುಷ್ಯ ಇದನ್ನೇ ಕಸುಬು ಮಾಡ್ಕೋತೀನಿ, ಪ್ರದರ್ಶನ ಇಡ್ತೀನಿ, ಮಾರ್ತೀನಿ ಅಂದರೆ ಸಾಕು, ಮಾತು ಬೇರೆ ಕಡೆ ತಿರುಗುತ್ತೆ. ನಾನು ಲಂಡನ್ನಿಂದ ಮೈಸೂರಿಗೆ ಫೋನ್ ಮಾಡಿದಾಗಲೂ ಇದೇ ಕಥೆ. "ಬರ್ಕೋ ಕಣಪ್ಪ, ಯಾರು ಬೇಡ ಅಂದ್ರು? ಕೆಲಸ ಮಾತ್ರ ಬಿಡಬೇಡ" ಅಂತಾರೆ ದೊಡ್ಡಮ್ಮ.

ಇಲ್ಲಿಯವರ ಮನಸ್ಸು ನಮ್ಮವರಿಗಿಂತ ದೊಡ್ಡದು ಅಂತ ನಾನು ಹೇಳಲ್ಲ. ಬ್ರಿಟನ್ನಿನ ಕಲಾವಿದರಿಗೆ ಕೊಡುವ ದೊಡ್ಡ ಬಹುಮಾನವಾದ ಟರ್ನರ್ ಪ್ರಶಸ್ತಿ 1991ರಿಂದ 50 ವರ್ಷದೊಳಗಿನವರಿಗೆ ಮಾತ್ರ ಅಂತಿತ್ತು. ಆ ಮಿತಿ ತೆಗೆದದ್ದು 2017ರಲ್ಲಿ, ಅದೇ ವರ್ಷ 63ರ ಲುಬೈನಾ ಹಿಮಿಡ್ ಗೆದ್ದರು. ಆದರೆ ವಯಸ್ಸು ಕೇಳದ ಬಾಗಿಲುಗಳು ಇಲ್ಲಿ ಮೊದಲಿಂದಲೂ ಕೆಲವು ಇವೆ. ಲಂಡನ್ನಿನ ಕಲಾಸಂಸ್ಥೆ ರಾಯಲ್ ಅಕಾಡೆಮಿಯ ಬೇಸಿಗೆ ಪ್ರದರ್ಶನ 1769ರಿಂದ ಪ್ರತಿ ವರ್ಷ ನಡೆಯುತ್ತಿದೆ. ಯಾರು ಬೇಕಾದರೂ ಚಿತ್ರ ಕಳಿಸಬಹುದು, ಡಿಗ್ರಿ ಬೇಡ. (ದುಡ್ಡು ಮಾತ್ರ ಚಿತ್ರಕ್ಕಿಷ್ಟು ಅಂತ ಕಟ್ಟಿಸಿಕೊಳ್ಳುತ್ತಾರೆ, ಆಯ್ಕೆಯಾಗದಿದ್ದರೆ ಅದು ಹೋದಂತೆಯೇ.) ಲಿವರ್‌ಪೂಲಿನ ಜಾನ್ ಮೂರ್ಸ್ ಚಿತ್ರಕಲಾ ಬಹುಮಾನದಲ್ಲಿ ಚಿತ್ರ ಬರೆದವರ ಹೆಸರನ್ನೇ ತೀರ್ಪುಗಾರರಿಗೆ ತೋರಿಸಲ್ಲ. 2014ರಲ್ಲಿ ಅದನ್ನು ಗೆದ್ದ ಕಲಾವಿದೆ ರೋಸ್ ವೈಲಿಗೆ ಆಗ 79 ವರ್ಷ.

ನಮ್ಮಲ್ಲಿ? ಕೇಂದ್ರ ಸಂಸ್ಕೃತಿ ಇಲಾಖೆಯ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25ರವರಿಗೆ, ಜೂನಿಯರ್ ಫೆಲೋಶಿಪ್ 25ರಿಂದ 40ರವರಿಗೆ. 40 ದಾಟಿದವರಿಗೆ ಸೀನಿಯರ್ ಫೆಲೋಶಿಪ್ ಇದೆ ನಿಜ, ಆದರೆ ಅದು ಆಗಲೇ ಕೆಲಸ ಮಾಡಿ ತೋರಿಸಿದವರಿಗೆ. 52ಕ್ಕೆ ಶುರು ಮಾಡಿದವರು ಯಾವ ಸಾಲಲ್ಲಿ ನಿಲ್ಲಬೇಕು?

ಇನ್ನೊಂದು ಮಾತು. ಇಳಿವಯಸ್ಸಲ್ಲಿ ಬೆಳಗಿದವರು ಅಂತ ಸುಮ್ನೆ ಹಂಚಿಕೊಳ್ಳುವ ಕಥೆಗಳನ್ನು ಸ್ವಲ್ಪ ಬಿಚ್ಚಿ ನೋಡಿ. ಇದೇ ರೋಸ್ ವೈಲಿ ಹರೆಯದಲ್ಲೇ ಕಲಾಶಾಲೆಗೆ ಹೋದವರು, ಮಕ್ಕಳನ್ನು ಬೆಳೆಸಲು ನಿಲ್ಲಿಸಿ, ಮತ್ತೆ ರಾಯಲ್ ಕಾಲೇಜ್ ಆಫ್ ಆರ್ಟ್ ಸೇರಿ 1981ರಲ್ಲಿ ಮುಗಿಸಿದವರು. ಕ್ಯೂಬಾದಿಂದ ನ್ಯೂಯಾರ್ಕಿಗೆ ಹೋದ ಕಾರ್ಮೆನ್ ಹೆರೇರಾ ಮೊದಲ ಚಿತ್ರ ಮಾರಿದ್ದು 89ನೇ ವಯಸ್ಸಿನಲ್ಲಿ. ಆದರೆ ಅದಕ್ಕೂ ಮುಂಚೆ ಹತ್ತಾರು ವರ್ಷ ಬರೆಯುತ್ತಲೇ ಇದ್ದರು, ತಡ ಮಾಡಿದ್ದು ಕೊಳ್ಳುವವರು. ನಿಜವಾಗಿ ತಡವಾಗಿ ಶುರು ಮಾಡಿದವರು ಬೇಕಾದರೆ ನಮ್ಮ ರವೀಂದ್ರನಾಥ ಟ್ಯಾಗೋರರೇ ಇದ್ದಾರೆ. ಅರವತ್ತು ದಾಟಿದ ಮೇಲೆ ಚಿತ್ರಕ್ಕಿಳಿದು 1930ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನ ಮಾಡಿದರು. ಸರಿ, ಆದರೆ ಅವರು ಟ್ಯಾಗೋರ್ ಅಲ್ವಾ, ನಮ್ಮ ನಿಮ್ಮಂಥವರಿಗೆ ಪ್ಯಾರಿಸ್ಸಲ್ಲಿ ಗೋಡೆ ಯಾರು ಕೊಡ್ತಾರೆ?

ಹಾಗಾಗಿ ನನ್ನ ಮಟ್ಟಿಗೆ ದೊಡ್ಡ ವ್ಯತ್ಯಾಸ ಇರೋದು ಕಲಿಯುವ ಜಾಗದಲ್ಲಿ. ಲಂಡನ್ನಿನ ಸಿಟಿ ಲಿಟ್ 1919ರಿಂದ ದೊಡ್ಡವರಿಗೆ ಪಾಠ ಹೇಳುತ್ತಿರುವ ಕಾಲೇಜು. ಇಂಥ ಕಡೆ ಕೆಲಸ ಮುಗಿಸಿ ಸಂಜೆ ಕ್ಲಾಸಿಗೆ ಹೋದರೆ ಪಕ್ಕದ ಈಸೆಲ್ಲಿನಲ್ಲಿ (ಚಿತ್ರ ನಿಲ್ಲಿಸುವ ಸ್ಟ್ಯಾಂಡು) ಇಪ್ಪತ್ತರ ಹುಡುಗಿ, ಆಚೆ ಎಪ್ಪತ್ತರ ನಿವೃತ್ತ ನರ್ಸ್. ಮಾಡೆಲ್ ಎರಡೆರಡು ನಿಮಿಷಕ್ಕೆ ಭಂಗಿ ಬದಲಿಸುತ್ತಾರೆ, ಯೋಚನೆ ಮಾಡುತ್ತಾ ಕೂರಲು ಆಗಲ್ಲ. ಕೊನೆಗೆ ಎಲ್ಲರ ಹಾಳೆಯನ್ನೂ ಗೋಡೆಗೆ ಅಂಟಿಸಿ, ಭುಜ ಎಲ್ಲಿ ತಪ್ಪಿದೆ, ಬಣ್ಣ ಯಾಕೆ ಕೆಸರಾಗಿದೆ, ಈ ಮೂಲೆಯಲ್ಲಿ ಏನೂ ನಡೆಯುತ್ತಿಲ್ಲ ಯಾಕೆ ಅಂತ ಮೇಷ್ಟ್ರೂ ಜೊತೆಯವರೂ ಮುಖಕ್ಕೇ ಹೇಳುತ್ತಾರೆ. ಅರವತ್ತಾಯಿತು ಅಂತ ರಿಯಾಯಿತಿ ಇಲ್ಲ. ಮೊದಮೊದಲು ಉರಿಯುತ್ತೆ.

ನಮ್ಮಲ್ಲಿ ಹಿರಿಯರಿಗೆ ಹಾಗೆ ಹೇಳುವುದುಂಟಾ? ಗೌರವ ಅಡ್ಡ ಬರುತ್ತೆ. ಮೂವತ್ತರ ಮೇಷ್ಟ್ರು ಅರವತ್ತರ ಶಿಷ್ಯನಿಗೆ "ಸರ್, ತುಂಬಾ ಚೆನ್ನಾಗಿದೆ" ಅಂದು ಮುಂದೆ ಹೋಗಿಬಿಡ್ತಾರೆ. ಮನೆಯ ಗ್ರೂಪಿನಲ್ಲಿ ಹಾಕಿದರೆ ಕೈಮುಗಿಯುವ ಎಮೋಜಿ ಸಾಲುಗಟ್ಟುತ್ತೆ. ಇಷ್ಟು ಮರ್ಯಾದೆ ಸಿಕ್ಕರೆ ಯಾವ ಕೈ ಪಳಗುತ್ತೆ ಹೇಳಿ! ಹುಡುಗರಿಗೆ ಬೈದು ಕಲಿಸ್ತಾರೆ, ನಮಗೆ ಶಾಲು ಹೊದಿಸ್ತಾರೆ.

ಮಾರುವ ವಿಷಯಕ್ಕೆ ಬಂದರೆ ಬೆಂಗಳೂರಿನದೇ ಮೇಲು. ಜನವರಿಯಲ್ಲಿ ಕುಮಾರಕೃಪಾ ರಸ್ತೆ ತುಂಬಾ ಚಿತ್ರಸಂತೆ, ಬರೆದವರೇ ಚಿತ್ರದ ಪಕ್ಕ ಕೂತಿರ್ತಾರೆ, ಕಡಲೆಕಾಯಿ ತಿನ್ನುತ್ತಾ ಬಂದವರು ಚೌಕಾಸಿ ಮಾಡಿ ಕೊಂಡುಹೋಗ್ತಾರೆ. ಲಂಡನ್ನಿನ ಗ್ಯಾಲರಿಗಳಲ್ಲಿ ಹೆಸರಿಲ್ಲದವನನ್ನು ಮಾತಾಡಿಸುವವರೂ ಕಡಿಮೆ. ಸ್ಟುಡಿಯೋ ಬಾಡಿಗೆ ಕೇಳಿದರಂತೂ ತಲೆ ತಿರುಗುತ್ತೆ. ನಾನು ಮಲಗುವ ಕೋಣೆಯಲ್ಲೇ ಬರೆಯುವುದು, ಆಯಿಲ್ ಬಣ್ಣ ತೆಳುಮಾಡುವ ಟರ್ಪೆಂಟೈನ್ ವಾಸನೆಗೆ ಹೆದರಿ, ಅದನ್ನು ಬಿಟ್ಟು ನೀರಲ್ಲಿ ಕಲಸುವ ಅಕ್ರಿಲಿಕ್ ಹಿಡಿದಿದ್ದೇನೆ.

ಚಿತ್ರಸಂತೆ ನಡೆಸುವ ಚಿತ್ರಕಲಾ ಪರಿಷತ್ತಿನವರು ಸಂತೆಯ ಮರುದಿನ ಒಂದು ಗೋಡೆ ಬಿಟ್ಟುಕೊಡಲಿ. ಹೆಸರು, ವಯಸ್ಸು ಎರಡನ್ನೂ ಮುಚ್ಚಿ ಚಿತ್ರ ತೂಗುಹಾಕಲಿ, ಒಳ್ಳೆ ಕಲಾವಿದರು ಬಂದು ಎಲ್ಲರೆದುರು ತಪ್ಪು ಹೇಳಲಿ. ನಾನಂತೂ ಲಂಡನ್ನಿಂದ ಟಿಕೆಟ್ ಮಾಡಿಸಿ ಬರ್ತೀನಿ, ಅಕ್ರಿಲಿಕ್ಕನ್ನೂ ತರ್ತೀನಿ.