ಜ್ಯೂರಿಗೆ ಕೇಳಿಸುವಷ್ಟು ಗೊಣಗಿದರೆ

ಅಮೆರಿಕದ ಕೋರ್ಟುಗಳಲ್ಲಿ ಕಲಾಪದ ಪ್ರತಿ ಮಾತನ್ನೂ ಒಬ್ಬರು ಕೂತು ದಾಖಲಿಸುತ್ತಾರೆ. ಮಾತನ್ನು ಮಾತ್ರ. ತಲೆಯಾಡಿಸಿದ್ದು, ಮೂಗು ಮುರಿದದ್ದು, ಕುರ್ಚಿ ಹಿಂದಕ್ಕೆ ತಳ್ಳಿ ಎದ್ದದ್ದು ಅದರಲ್ಲಿ ಬರುವುದಿಲ್ಲ. ಬರಬೇಕಾದರೆ ಯಾರಾದರೂ ಅದನ್ನು ಬಾಯಿಬಿಟ್ಟು ಹೇಳಬೇಕು. 2024ರ ಜನವರಿ 26ರಂದು ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ನ್ಯಾಯಾಧೀಶ ಲೂಯಿಸ್ ಕ್ಯಾಪ್ಲನ್ ಮಾಡಿದ್ದು ಅಷ್ಟನ್ನೇ. ಇ. ಜೀನ್ ಕ್ಯಾರಲ್ ಎಂಬ ಅಂಕಣಕಾರ್ತಿ ಹೂಡಿದ್ದ ಮಾನಹಾನಿ ದಾವೆಯಲ್ಲಿ ವಾದಿ ಪರ ವಕೀಲೆಯ ಅಂತಿಮ ವಾದ ಶುರುವಾಗಿ ಕೆಲವೇ ನಿಮಿಷ ಆಗಿತ್ತು. ಪ್ರತಿವಾದಿ ಡೊನಾಲ್ಡ್ ಟ್ರಂಪ್ ಎದ್ದು ಬಾಗಿಲ ಕಡೆ ನಡೆದರು. ನ್ಯಾಯಾಧೀಶರು ತಡೆಯಲಿಲ್ಲ, ಗದರಲೂ ಇಲ್ಲ. ಟ್ರಂಪ್ ಎದ್ದು ಹೊರಗೆ ಹೋದರು ಎಂಬುದು ದಾಖಲೆಗೆ ಸೇರಲಿ ಎಂದರು, ಅಷ್ಟೇ. ಅದೇ ದಿನ ಜ್ಯೂರಿ (ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರ ಮಂಡಳಿ) ಮೂರು ತಾಸಿಗೂ ಕಡಿಮೆ ಹೊತ್ತಿನಲ್ಲಿ ಮಾತು ಮುಗಿಸಿ, ಕ್ಯಾರಲ್‌ಗೆ 8.33 ಕೋಟಿ ಡಾಲರ್ ಪರಿಹಾರ ಎಂದು ಬರೆದುಕೊಟ್ಟಿತು.

ಮೊತ್ತದ ಸುದ್ದಿ ಎಲ್ಲರಿಗೂ ಗೊತ್ತು. ಅದರ ಹಿಂದಿನ ಎರಡು ವಾರ ಪ್ರತಿವಾದಿಯ ಕುರ್ಚಿಯಲ್ಲಿ ಏನಾಯಿತು, ಅದಕ್ಕೆ ಕಾನೂನಿನಲ್ಲಿ ಏನು ಬೆಲೆ ಎಂಬುದರ ಬಗ್ಗೆ ಮಾತಾಡಿದವರು ಕಡಿಮೆ. ನನ್ನ ವಾದ ಇದು: ಈ ದಾವೆಯಲ್ಲಿ ಆ ಕುರ್ಚಿಯೇ ಅರ್ಧ ಸಾಕ್ಷಿಕಟ್ಟೆಯಾಗಿತ್ತು. ಟ್ರಂಪ್‌ಗೆ ಅದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬೇಡವಾಗಿತ್ತೋ, ಅದು ಬೇರೆ ಮಾತು.

ಹಿನ್ನೆಲೆ ಚಿಕ್ಕದಾಗಿ. 1990ರ ದಶಕದ ನಡುವೆ ಮ್ಯಾನ್‌ಹ್ಯಾಟನ್ನಿನ ಬರ್ಗ್‌ಡಾರ್ಫ್ ಗುಡ್‌ಮನ್ ಅಂಗಡಿಯ ಟ್ರಯಲ್ ರೂಮಿನಲ್ಲಿ ಟ್ರಂಪ್ ತನ್ನ ಮೇಲೆ ದೌರ್ಜನ್ಯ ಎಸಗಿದರು ಎಂದು ಅಂಕಣಕಾರ್ತಿ ಇ. ಜೀನ್ ಕ್ಯಾರಲ್ 2019ರ ಜೂನ್‌ನಲ್ಲಿ ಬರೆದರು. ಆಗ ಅಧ್ಯಕ್ಷರಾಗಿದ್ದ ಟ್ರಂಪ್, ಎಲ್ಲ ಸುಳ್ಳು, ಆಕೆ ಯಾರೋ ನನಗೆ ಗೊತ್ತಿಲ್ಲ ಎಂದರು. ಇಂದಿಗೂ ಅವರ ಮಾತು ಅದೇ. ಆ ಹೇಳಿಕೆಗಳ ಮೇಲೆ ಕ್ಯಾರಲ್ 2019ರ ನವೆಂಬರ್‌ನಲ್ಲಿ ಮಾನಹಾನಿ ದಾವೆ ಹೂಡಿದರು. ಅದು ಮೇಲ್ಮನವಿಗಳಲ್ಲಿ ಸಿಕ್ಕಿಕೊಂಡಿದ್ದಾಗ, 2022ರಲ್ಲಿ ಹೂಡಿದ ಎರಡನೇ ದಾವೆಯೇ ಮೊದಲು ವಿಚಾರಣೆಗೆ ಬಂತು. 2023ರ ಮೇ 9ರಂದು ಜ್ಯೂರಿ, ಲೈಂಗಿಕ ದೌರ್ಜನ್ಯ ನಡೆದದ್ದು ಹೌದು, ಮಾನಹಾನಿಯೂ ಹೌದು ಎಂದು 50 ಲಕ್ಷ ಡಾಲರ್ ಕೊಡಿಸಿತು. ಅತ್ಯಾಚಾರ ಸಾಬೀತಾಗಿಲ್ಲ ಎಂದೂ ಹೇಳಿತು. ಆ ವಿಚಾರಣೆಗೆ ಟ್ರಂಪ್ ಒಂದು ದಿನವೂ ಬರಲಿಲ್ಲ. ಸಿವಿಲ್ ದಾವೆಯಾದ್ದರಿಂದ ಬರಲೇಬೇಕೆಂದೂ ಇರಲಿಲ್ಲ.

ಇನ್ನು ಮುಖ್ಯವಾದ ಘಟ್ಟ. ಒಂದೇ ಕಕ್ಷಿದಾರರ ನಡುವೆ ಒಂದು ಪ್ರಶ್ನೆ ಒಮ್ಮೆ ತೀರ್ಮಾನವಾದರೆ ಅದನ್ನು ಮತ್ತೆ ಕೆದಕುವಂತಿಲ್ಲ. ನಮ್ಮ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಓದಿದವರು ಇದನ್ನು ರೆಸ್ ಜುಡಿಕೇಟಾದ ದಾಯಾದಿ ಎಂದುಕೊಳ್ಳಬಹುದು. ಈ ತತ್ವದ ಮೇಲೆ ಕ್ಯಾಪ್ಲನ್ 2023ರ ಸೆಪ್ಟೆಂಬರ್‌ನಲ್ಲಿ 2019ರ ಹಳೆಯ ದಾವೆಯ ಹೊಣೆಗಾರಿಕೆಯನ್ನೂ ತೀರ್ಮಾನಿಸಿಬಿಟ್ಟರು. ಜ್ಯೂರಿಗೆ ಉಳಿದದ್ದು ಎಷ್ಟು ಕೊಡಬೇಕು ಎಂಬ ಪ್ರಶ್ನೆ ಮಾತ್ರ. ನಾನು ಹಾಗೆ ಮಾಡೇ ಇಲ್ಲ ಎಂದು ಜ್ಯೂರಿ ಮುಂದೆ ವಾದಿಸುವಂತಿಲ್ಲ ಎಂಬ ಆದೇಶವೂ 2024ರ ಜನವರಿ ಮೊದಲ ಭಾಗದಲ್ಲೇ ಬಂತು. ಅಂದರೆ ಟ್ರಂಪ್ ಹೇಳಬೇಕೆಂದಿದ್ದ ಒಂದೇ ಒಂದು ಮಾತನ್ನು ಆ ಕೋಣೆಯಲ್ಲಿ ಹೇಳುವಂತಿರಲಿಲ್ಲ. ಹೀಗಿದ್ದೂ ಅವರು ಬರಲು ನಿರ್ಧರಿಸಿದರು. ಅಯೋವಾ ಕಾಕಸ್ (ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಆಯ್ಕೆಯ ಮೊದಲ ಸುತ್ತು) ಗೆದ್ದ ಮರುದಿನ, ಜನವರಿ 16ರಂದು, ಕೋರ್ಟಿನಲ್ಲಿದ್ದರು.

ಕ್ಯಾರಲ್ ಸಾಕ್ಷಿ ಹೇಳಿದ ದಿನ, ಜನವರಿ 17ರಂದು, ವಾದಿ ಪರ ವಕೀಲೆ ಶಾನ್ ಕ್ರೌಲಿ ಎದ್ದು ದೂರಿದರು: ಟ್ರಂಪ್ ಹಿಂದೆ ಕೂತು ಇದೆಲ್ಲ ಸುಳ್ಳು, ಮೋಸ, ವಿಚ್ ಹಂಟ್ (ಬೇಕೆಂದೇ ಬೆನ್ನಟ್ಟಿ ಕಾಡುವುದು) ಎಂದು ಗೊಣಗುತ್ತಿದ್ದಾರೆ, ನಮಗೆ ಕೇಳಿಸುತ್ತಿದೆ, ಜ್ಯೂರಿಗೂ ಕೇಳಿಸಿರಬಹುದು. ನ್ಯಾಯಾಧೀಶರ ಮೊದಲ ಹೆಜ್ಜೆ ಮೃದುವಾಗಿತ್ತು. ವಕೀಲರ ಜೊತೆ ಮಾತಾಡುವಾಗ ದನಿ ತಗ್ಗಿಸಿ, ಜ್ಯೂರಿ ಕಿವಿಗೆ ಬೀಳಬಾರದು ಎಂದರು. ಗೊಣಗಾಟ ನಿಲ್ಲಲಿಲ್ಲ ಎಂಬ ಎರಡನೇ ದೂರಿನ ನಂತರ, ಜ್ಯೂರಿ ಊಟಕ್ಕೆ ಹೋದ ಮೇಲೆ, ದನಿ ಗಡುಸಾಯಿತು. ಇಲ್ಲಿ ಕೂರುವುದು ನಿಮ್ಮ ಹಕ್ಕು, ಆದರೆ ಕಲಾಪಕ್ಕೆ ಅಡ್ಡಿ ಮಾಡಿದರೆ ಆ ಹಕ್ಕು ಹೋಗುತ್ತದೆ, ನಿಮ್ಮನ್ನು ಹೊರಗೆ ಕಳಿಸುವ ಪ್ರಸಂಗ ತರಬೇಡಿ, ನಿಮಗೆ ಬೇಕಿರುವುದೂ ಅದೇ ಇರಬಹುದು ಎಂದರು. ಟ್ರಂಪ್ ಕೈಯೆತ್ತಿ, ಹಾಗೆ ಮಾಡಿದರೆ ನನಗೆ ಬಹಳ ಸಂತೋಷ ಎಂದರು. ನಿಮ್ಮನ್ನು ನೀವು ಹಿಡಿತದಲ್ಲಿಟ್ಟುಕೊಳ್ಳಲಾರಿರಿ ಅಂತ ಕಾಣುತ್ತೆ ಎಂದು ನ್ಯಾಯಾಧೀಶರು ಹೇಳಿದರೆ, ನೀವೂ ಅಷ್ಟೇ ಎಂಬ ಉತ್ತರ.

ಈ ಜಗಳದಲ್ಲಿ ಒಂದು ಸೂಕ್ಷ್ಮ ಇದೆ. ಅಡ್ಡಿಯ ಮಾತೆತ್ತಿದಾಗ ನ್ಯಾಯಾಧೀಶರು ‘ನನಗೆ ವರದಿಯಾಗಿರುವ ಪ್ರಕಾರ’ ಎಂದು ಹೇಳಿದ್ದು ಸುಮ್ಮನೆ ಅಲ್ಲ. ಫೆಡರಲ್ ನಿಯಮದಲ್ಲಿ ಸ್ಥಳದಲ್ಲೇ ನ್ಯಾಯಾಂಗ ನಿಂದನೆಗೆ ಶಿಕ್ಷೆ ಕೊಡಬೇಕಾದರೆ ನ್ಯಾಯಾಧೀಶರು ಆ ವರ್ತನೆಯನ್ನು ಸ್ವತಃ ಕಂಡಿರಬೇಕು ಅಥವಾ ಕೇಳಿರಬೇಕು, ಹಾಗೆಂದು ದೃಢೀಕರಿಸಬೇಕು. ಬೇರೆಯವರು ಹೇಳಿದ್ದನ್ನು ನಂಬಿ ಕ್ರಮ ಕೈಗೊಳ್ಳುವುದಾದರೆ ನೋಟಿಸು, ವಿಚಾರಣೆ ಎಲ್ಲ ಆಗಬೇಕು. ಪೀಠದವರೆಗೆ ತಲುಪದ, ಆದರೆ ಪಕ್ಕದ ಮೇಜಿಗೆ ತಲುಪುವ ಗೊಣಗಾಟಕ್ಕೆ ಆದ್ದರಿಂದಲೇ ಮದ್ದು ಕಷ್ಟ. ಎದುರು ವಕೀಲರಿಗೆ ಇರುವ ದಾರಿ ಒಂದೇ: ಸಾಕ್ಷಿಯ ಮಾತು ಮುರಿದರೂ ಸರಿ, ಆಗಲೇ ಎದ್ದು ನಿಂತು, ಕೇಳಿಸಿದ ಶಬ್ದಗಳನ್ನೇ ದಾಖಲೆಗೆ ಸೇರಿಸುವುದು. ಸಂಜೆ ಹೇಳಿದರೆ ಅದು ಚಾಡಿಯಾಗುತ್ತದೆ. ಕ್ರೌಲಿ ಸಂಜೆಯವರೆಗೆ ಕಾಯಲಿಲ್ಲ.

ಹೊರಗೆ ಹಾಕಬೇಕಿತ್ತೇ? ಬೇಡ ಎಂದೇ ನನ್ನ ಅಭಿಪ್ರಾಯ. ಹೊರದಬ್ಬಿದ ಫೋಟೋ ಇಲ್ಲದಿದ್ದರೂ (ಆ ಕೋರ್ಟಿನಲ್ಲಿ ಕ್ಯಾಮೆರಾಗೆ ಪ್ರವೇಶವಿಲ್ಲ, ಚಿತ್ರಕಾರರ ಸ್ಕೆಚ್ಚೇ ಗತಿ) ಹೊರದಬ್ಬಿದ ಸುದ್ದಿ ಚುನಾವಣಾ ಪ್ರಚಾರಕ್ಕೆ ಹೇಳಿ ಮಾಡಿಸಿದ ಸರಕು. ಮೇಲ್ಮನವಿಗೆ ಒಂದು ಕಾರಣವನ್ನೂ ಕೈಯಾರೆ ಕೊಟ್ಟಂತೆ. ಹಾಗಂತ ಕ್ಯಾಪ್ಲನ್ ಆಡಿದ ಎಲ್ಲ ಮಾತೂ ಸರಿ ಅಂತಲ್ಲ. ಹಿಡಿತದ ಮಾತು ಅನಗತ್ಯವಾಗಿತ್ತು, ಅದು ಉತ್ತರವನ್ನು ಕರೆದು ತಂದಿತು. ಜ್ಯೂರಿ ಇಲ್ಲದಾಗ ಆಡಿದ್ದರಿಂದ ಬಚಾವ್.

ವಕೀಲರ ವರ್ತನೆಯದ್ದು ಇನ್ನೊಂದು ಅಧ್ಯಾಯ. ಟ್ರಂಪ್ ಪರ ವಕೀಲೆ ಅಲೀನಾ ಹಬ್ಬಾಗೆ, ಮಾತಾಡುವಾಗ ಎದ್ದು ನಿಲ್ಲಿ ಎಂದು ಹೇಳಬೇಕಾಯಿತು. ಒಂದು ದಾಖಲೆಯನ್ನು ಸಾಕ್ಷ್ಯವಾಗಿ ಗುರುತಿಸುವುದು ಹೇಗೆಂದು ವಿರಾಮದಲ್ಲಿ ನೆನಪು ಮಾಡಿಕೊಂಡು ಬನ್ನಿ ಎಂದು ನ್ಯಾಯಾಧೀಶರು ಕಳಿಸಿದರು. ಕೊನೆಯ ದಿನ ಜ್ಯೂರಿ ಒಳಬರುವ ಮುನ್ನ, ಇನ್ನೊಂದು ಮಾತಾಡಿದರೆ ಲಾಕಪ್ಪಿನಲ್ಲಿ ಕೂರಬೇಕಾದೀತು ಎಂಬ ಎಚ್ಚರಿಕೆಯೂ ಬಂತು.

ಜನವರಿ 25ರಂದು ಟ್ರಂಪ್ ಸಾಕ್ಷಿ ಹೇಳಿದರು. ಎಷ್ಟು ಹೊತ್ತು? ಮೂರು ನಿಮಿಷದ ಆಸುಪಾಸು. ಅದಕ್ಕೂ ಮೊದಲು ಜ್ಯೂರಿಯನ್ನು ಹೊರಗಿಟ್ಟು, ಯಾವ ಪ್ರಶ್ನೆ ಕೇಳುತ್ತೀರಿ, ಏನು ಉತ್ತರ ಬರುತ್ತದೆ ಎಂದು ನ್ಯಾಯಾಧೀಶರು ಹಬ್ಬಾ ಬಾಯಿಂದ ಒಂದೊಂದಾಗಿ ಹೇಳಿಸಿದರು. ಟ್ರಂಪ್ ಕಟ್ಟೆ ಹತ್ತಿದ ಮೇಲೆ, ನಿಮ್ಮ ಡೆಪೊಸಿಷನ್ನಿಗೆ (ವಿಚಾರಣೆಗೆ ಮುನ್ನ ಕೋರ್ಟಿನ ಹೊರಗೆ ಪ್ರಮಾಣ ಮಾಡಿ ಕೊಟ್ಟ ಹೇಳಿಕೆಗೆ) ಬದ್ಧರಾಗಿದ್ದೀರಾ ಎಂಬ ಪ್ರಶ್ನೆಗೆ ನೂರಕ್ಕೆ ನೂರು ಎಂದರು. ಕ್ಯಾರಲ್‌ಗೆ ಕೇಡು ಮಾಡಲು ಯಾರಿಗಾದರೂ ಹೇಳಿದ್ದಿರಾ ಎಂದದ್ದಕ್ಕೆ ಇಲ್ಲ ಎಂದು, ಜೊತೆಗೆ ನನ್ನನ್ನು, ನನ್ನ ಕುಟುಂಬವನ್ನು, ಅಧ್ಯಕ್ಷ ಪದವಿಯನ್ನು ಕಾಪಾಡಿಕೊಳ್ಳಬೇಕಿತ್ತು ಎಂದು ಸೇರಿಸಿದರು. ‘ಇಲ್ಲ’ ಉಳಿಯಿತು. ಬಾಲ ಕತ್ತರಿಸಿಹೋಯಿತು, ಅದನ್ನು ಪರಿಗಣಿಸಬೇಡಿ ಎಂದು ಜ್ಯೂರಿಗೆ ಸೂಚನೆ ಹೋಯಿತು. ಕೇಳಿದ್ದನ್ನು ಕಿವಿಯಿಂದ ಹೊರತೆಗೆಯಲಾಗುವುದಿಲ್ಲ ಎಂದು ನಂಬಿ ವಕೀಲರು ಹೀಗೆ ಬಾಲ ಕಟ್ಟಿಸುವುದು ಹಳೆಯ ಆಟ. ಅಂದಹಾಗೆ ಆ ಡೆಪೊಸಿಷನ್ 2022ರ ಅಕ್ಟೋಬರ್‌ನದ್ದು. ನನ್ನ ಅಭಿರುಚಿಯ ಹೆಂಗಸಲ್ಲ ಎಂದಿದ್ದ ಮನುಷ್ಯ, ಹಳೆಯ ಫೋಟೋ ತೋರಿಸಿದಾಗ ಕ್ಯಾರಲ್ ಅವರನ್ನು ತನ್ನ ಮಾಜಿ ಪತ್ನಿ ಮಾರ್ಲಾ ಎಂದು ಗುರುತಿಸಿದ್ದು ಅದರಲ್ಲೇ ಇದೆ. ಅದಕ್ಕೆ ನೂರಕ್ಕೆ ನೂರು ಬದ್ಧತೆ!

ಈಗ ಹಣದ ಲೆಕ್ಕ. ವಾದಿ ಪರ ವಕೀಲೆ ರಾಬರ್ಟಾ ಕ್ಯಾಪ್ಲನ್ (ನ್ಯಾಯಾಧೀಶರ ನೆಂಟರಲ್ಲ, ಹೆಸರು ಮಾತ್ರ ಒಂದೇ) ನಷ್ಟ ಪರಿಹಾರವಾಗಿ ಕನಿಷ್ಠ 2.4 ಕೋಟಿ ಡಾಲರ್ ಕೇಳಿದ್ದರು. ಜ್ಯೂರಿ ಅಷ್ಟು ಕೊಡಲಿಲ್ಲ. ಹೆಸರು ಸರಿಪಡಿಸಿಕೊಳ್ಳುವ ಖರ್ಚಿಗೆ 1.1 ಕೋಟಿ, ಮನಸ್ಸಿಗಾದ ನೋವು ಮತ್ತಿತರ ಹಾನಿಗೆ 73 ಲಕ್ಷ, ಒಟ್ಟು 1.83 ಕೋಟಿ ಕೊಟ್ಟಿತು. ಆದರೆ ಅದರ ಮೇಲೆ ದಂಡರೂಪದ ಪರಿಹಾರ 6.5 ಕೋಟಿ ಹಾಕಿತು. ಮೊದಲನೆಯದು ವಾದಿಗಾದ ನಷ್ಟದ ಅಳತೆ, ತಜ್ಞರು ಬಂದು ಲೆಕ್ಕ ಕೊಡುತ್ತಾರೆ. ಎರಡನೆಯದು ಪ್ರತಿವಾದಿಯ ಅಳತೆ: ಎಷ್ಟು ದ್ವೇಷವಿತ್ತು, ಎಷ್ಟು ಹಣವಂತ, ಎಷ್ಟು ಹಾಕಿದರೆ ನಿಲ್ಲಿಸುತ್ತಾನೆ? ಈ ಕೊನೆಯ ಪ್ರಶ್ನೆಗೆ ತಜ್ಞ ಸಾಕ್ಷಿ ಬೇಕಿಲ್ಲ. ಪ್ರತಿವಾದಿಯನ್ನು ನೋಡಿದರೆ ಸಾಕು. ವಿಚಾರಣೆ ನಡೆಯುತ್ತಿದ್ದ ದಿನಗಳಲ್ಲೂ ಟ್ರಂಪ್ ತಮ್ಮದೇ ಜಾಲತಾಣ ಟ್ರೂತ್ ಸೋಷಿಯಲ್‌ನಲ್ಲಿ ಕ್ಯಾರಲ್ ವಿರುದ್ಧ ಬರೆಯುತ್ತಲೇ ಇದ್ದರು. ಕೊನೆಯ ಪ್ರತ್ಯುತ್ತರದಲ್ಲಿ ಕ್ರೌಲಿ ಜ್ಯೂರಿಗೆ, ಈತ ಎದ್ದು ಹೋದದ್ದನ್ನು ನೀವೇ ನೋಡಿದಿರಿ, ನಿಯಮಗಳು ತನಗಲ್ಲ ಎಂದುಕೊಂಡಿದ್ದಾರೆ ಎಂದರು. ಆ ವಾಕ್ಯವನ್ನು ಕ್ರೌಲಿ ಕೈಗಿಟ್ಟದ್ದು ಟ್ರಂಪ್ ಅವರೇ.

ಅದಕ್ಕೇ ಅನುಭವಿ ವಕೀಲರು ಕಕ್ಷಿದಾರನ ಮುಂದೆ ಒಂದು ನೋಟ್‌ಪ್ಯಾಡ್, ಪೆನ್ನು ಇಡುತ್ತಾರೆ. ಸಿಟ್ಟು ಬಂದರೆ ಬರಿ, ಬಾಯಿ ಬಿಡಬೇಡ. ಸಾಕ್ಷಿ ಅಳುವಾಗ ನಗಬೇಡ, ತಲೆಯಾಡಿಸಬೇಡ, ಗಡಿಯಾರ ನೋಡಬೇಡ. ಇಷ್ಟೂ ಸಾಧ್ಯವಿಲ್ಲ ಎನ್ನುವ ಕಕ್ಷಿದಾರನಿಗೆ ಮನೆಯಲ್ಲೇ ಇರು ಎನ್ನುತ್ತಾರೆ. 2023ರಲ್ಲಿ ಕುರ್ಚಿ ಖಾಲಿ ಇದ್ದಾಗ ಮಾನಹಾನಿಗೆ ಹಾಕಿದ ದಂಡರೂಪದ ಮೊತ್ತ 2.8 ಲಕ್ಷ ಡಾಲರ್. ಎರಡನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸವೆಲ್ಲ ಗೊಣಗಾಟದ್ದೇ ಎಂದರೆ ಮೋಸವಾಗುತ್ತದೆ. ಶ್ವೇತಭವನದಿಂದ ಬಂದ ಮಾತಿನ ತೂಕ ಬೇರೆ, ಒಂದು ತೀರ್ಪು ಬಂದ ಮೇಲೂ ನಿಲ್ಲಿಸಲಿಲ್ಲ ಎಂಬುದರ ತೂಕ ಬೇರೆ. ಆದರೆ ಆ ‘ನಿಲ್ಲಿಸಲಿಲ್ಲ’ ಎಂಬುದನ್ನು ಜ್ಯೂರಿಯ ಒಂಬತ್ತು ಮಂದಿ ಕಾಗದದಲ್ಲಿ ಓದಬೇಕಾಗಿ ಬರಲಿಲ್ಲ.

ನಮ್ಮಲ್ಲಿ ಇದು ಹೀಗೆ ನಡೆಯುವುದಿಲ್ಲ. ಸಿವಿಲ್ ದಾವೆಗೆ ಜ್ಯೂರಿ ಇಲ್ಲ, ಸಾಕ್ಷಿಯ ಮುಖ್ಯ ವಿಚಾರಣೆ ಅಫಿಡವಿಟ್ಟಿನಲ್ಲೇ ಮುಗಿಯುತ್ತದೆ, ಪಾಟೀ ಸವಾಲಿನ ದಿನ ಬಿಟ್ಟರೆ ದೊಡ್ಡ ಮನುಷ್ಯರು ಕೋರ್ಟಿನ ಕಡೆ ತಲೆ ಹಾಕುವುದಿಲ್ಲ. ಸಿಪಿಸಿಯ 18ನೇ ಆದೇಶದ 12ನೇ ನಿಯಮ ಸಾಕ್ಷಿಯ ಹಾವಭಾವವನ್ನು ಬರೆದಿಡಲು ನ್ಯಾಯಾಧೀಶರಿಗೆ ಅವಕಾಶ ಕೊಡುತ್ತದೆ, ಆದರೆ ಸಾಕ್ಷಿ ನುಡಿಯುತ್ತಿರುವಾಗ ಮಾತ್ರ. ಹಿಂದಿನ ಬೆಂಚಿನಲ್ಲಿ ಕೂತು ಗೊಣಗುವ ಪ್ರತಿವಾದಿಗೆ ಆ ನಿಯಮದಲ್ಲಿ ಜಾಗವಿಲ್ಲ.

ಮೇಲ್ಮನವಿಗಾಗಿ ಟ್ರಂಪ್ 2024ರ ಮಾರ್ಚ್‌ನಲ್ಲಿ 9.16 ಕೋಟಿ ಡಾಲರಿನ ಬಾಂಡ್ ಕೊಟ್ಟರು. ದಂಡದ ಮೊತ್ತ ನಷ್ಟದ ಮೊತ್ತದ ಸುಮಾರು 3.6 ಪಟ್ಟು, ಅಮೆರಿಕದ ಸುಪ್ರೀಂ ಕೋರ್ಟ್ 2003ರಲ್ಲಿ ಸೂಚಿಸಿದ ಒಂದಂಕಿಯ ಪಟ್ಟಿನ ಮಿತಿಯ ಒಳಗೇ ಇದೆ. ಮೇಲ್ಮನವಿ ನ್ಯಾಯಾಲಯ 2025ರ ಸೆಪ್ಟೆಂಬರ್ 8ರಂದು ಇಡೀ ಮೊತ್ತವನ್ನು ಎತ್ತಿಹಿಡಿಯಿತು. ಗೊಣಗಾಟಕ್ಕೆ ಎಷ್ಟು ಡಾಲರ್ ಬಿತ್ತು ಎಂದು ಕೇಳಲು ದಾರಿಯಿಲ್ಲ. ಆ ಏಳು ಗಂಡಸರು, ಇಬ್ಬರು ಹೆಂಗಸರ ಹೆಸರು ವಕೀಲರಿಗೂ ಕೊಟ್ಟಿರಲಿಲ್ಲ. ತೀರ್ಪು ಓದಿ ಮುಗಿದ ಮೇಲೆ ನ್ಯಾಯಾಧೀಶ ಕ್ಯಾಪ್ಲನ್, ಈ ಜ್ಯೂರಿಯಲ್ಲಿ ಇದ್ದೆವು ಎಂದು ಯಾರಿಗೂ ಹೇಳಬೇಡಿ ಎಂದು ಸಲಹೆ ಕೊಟ್ಟು ಅವರನ್ನು ಮನೆಗೆ ಕಳಿಸಿದರು.