ಬಿಡೋದಾದರೆ ಬದುಕೋ ಹಾಗೆ ಬಿಡಿ

ಅಮೆರಿಕದ ಮೆಮೋರಿಯಲ್ ಡೇ ರಜೆ ಮುಗೀತು. ನಿನ್ನೆಯಿಂದ ಫೇಸ್‌ಬುಕ್ ತೆರೆದರೆ ಮಿಸ್ಸೂರಿಯ ಬೆನೆಟ್ ಸ್ಪ್ರಿಂಗ್ ಸ್ಟೇಟ್ ಪಾರ್ಕಿನ ಫೋಟೋಗಳೇ. ಟೆಂಟು, ಮಕ್ಕಳು, ಬೆಂಕಿ ಸುತ್ತ ಅಂತ್ಯಾಕ್ಷರಿ, ಎಲ್ಲ ನೋಡಿ ಖುಷಿಯಾಯ್ತು. ಮೀನಿನ ಫೋಟೋಗಳನ್ನು ನೋಡಿ ಮಾತ್ರ ಹೊಟ್ಟೆ ಉರೀತಿದೆ. ಒಂದು ಟ್ರೌಟ್ ಒಣ ಟವೆಲ್ಲಿನಲ್ಲಿ, ಇನ್ನೊಂದು ಜಲ್ಲಿಕಲ್ಲಿನ ಮೇಲೆ, ಮತ್ತೊಂದು ಮಗುವಿನ ಎರಡೂ ಕೈಯಲ್ಲಿ ಹಿಸುಕಿಸಿಕೊಂಡು. ಕೆಳಗೆ ಎಲ್ಲರದ್ದೂ ಒಂದೇ ಸಾಲು: ಫೋಟೋ ತೆಗೆದು ವಾಪಸ್ ನೀರಿಗೆ ಬಿಟ್ಟೆವು.

ಬಿಟ್ಟಿರಿ, ಸರಿ. ಅದು ಬದುಕಿತಾ?

ಟ್ರೌಟಿನ ಮೈಮೇಲೆ ಒಂದು ಲೋಳೆಯ ಪದರ ಇರುತ್ತೆ. ನೀರಿನಲ್ಲಿರುವ ಬೂಷ್ಟು, ಬ್ಯಾಕ್ಟೀರಿಯಾ ಒಳಗೆ ಇಳಿಯದ ಹಾಗೆ ತಡೆಯೋದು ಅದೇ. ಒಣ ಕೈ, ಟವೆಲ್, ಗಂಟುಗಂಟಿನ ನೈಲಾನ್ ಬಲೆ, ಯಾವುದು ತಾಗಿದರೂ ಆ ಪದರ ಕಿತ್ತು ಬರುತ್ತೆ. ಮೀನು ಆ ಕ್ಷಣಕ್ಕೆ ಚುರುಕಾಗಿ ಈಜಿ ಹೋಗುತ್ತೆ, ನಮಗೆ ಸಮಾಧಾನ. ಕೆಲವು ದಿನಗಳಲ್ಲಿ ಕಿತ್ತುಹೋದ ಜಾಗದಲ್ಲಿ ಬಿಳಿ ಹತ್ತಿಯಂಥ ಬೂಷ್ಟು ಹಿಡಿಯುತ್ತೆ. ಅದನ್ನು ನೋಡೋಕೆ ಫೋಟೋ ತೆಗೆದವರು ಯಾರೂ ಅಲ್ಲಿರೋದಿಲ್ಲ.

ಎರಡನೆಯದು ಗಾಳಿ. ನೀರಿನಿಂದ ಹೊರಬಂದ ಕೂಡಲೇ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಉಸಿರು ನಿಲ್ಲುತ್ತೆ. ಗಾಳದ ಜೊತೆ ಎಳೆದಾಡಿ ಆಗಲೇ ಸುಸ್ತಾಗಿರುವ ಮೀನು ಅದು. ಹತ್ತು ಸೆಕೆಂಡಿಗಿಂತ ಹೆಚ್ಚು ಹೊರಗಿಡಬಾರದು. ಹತ್ತು ಅಂದರೆ ಬಾಯಿಬಿಟ್ಟು ಎಣಿಸುವ ಹತ್ತು. ಫೋನು ಹುಡುಕಿ, ಮಗುವನ್ನು ನಿಲ್ಲಿಸಿ, ಬಿಸಿಲು ಯಾವ ಕಡೆ ಅಂತ ನೋಡುವಷ್ಟರಲ್ಲಿ ನಿಮಿಷ ದಾಟಿರುತ್ತೆ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಗಾಳ ಹಾಕುವ ಮೊದಲೇ ಇಕ್ಕಳದಿಂದ ಕೊಕ್ಕೆಯ ಹಿಮ್ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿ. ಸರಿಯಾಗಿ ಒತ್ತಿದೆಯಾ ಅಂತ ತಿಳಿಯೋಕೆ ಒಂದು ಚೂರು ಬಟ್ಟೆಗೆ ಚುಚ್ಚಿ ಎಳೆಯಿರಿ, ಎಳೆ ಹಿಡಿಯದೆ ಜಾರಿ ಬರಬೇಕು. ರಬ್ಬರ್ ಬಲೆ ತಗೊಳ್ಳಿ. ದಾರ 4 ಪೌಂಡ್ ಭಾರ ತಾಳುವಷ್ಟಿದ್ದರೆ ಸಾಕು. ನೀರು ಗಾಜಿನಷ್ಟು ತಿಳಿ, ದಪ್ಪ ದಾರ ಹಾಕಿದರೆ ಮೀನು ಹತ್ತಿರ ಬರಲ್ಲ. ಹಾಗಂತ ತೀರಾ ತೆಳು ಹಾಕಿದರೆ ದಾರ ತುಂಡಾಗುವ ಭಯಕ್ಕೆ ನಿಧಾನ ಎಳೆದು ಎಳೆದು ಮೀನನ್ನು ದಣಿಸಿಬಿಡುತ್ತೀರಿ. ಬಲೆಗೆ ಬಂದ ಮೇಲೆ ಬಲೆಯನ್ನು ನೀರಲ್ಲೇ ಇಡಿ, ಕೈ ಒದ್ದೆ ಮಾಡಿಕೊಳ್ಳಿ, ಫೋರ್ಸೆಪ್ಸ್‌ನಿಂದ ಕೊಕ್ಕೆಯ ಬುಡ ಹಿಡಿದು ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿಸಿ. ಹೊಟ್ಟೆ ಒತ್ತಬೇಡಿ, ಕಿವಿರಿಗೆ ಬೆರಳು ಹಾಕಬೇಡಿ. ಮೂತಿ ಹರಿವಿನ ಎದುರಿಗಿರುವ ಹಾಗೆ ಹಗುರವಾಗಿ ಹಿಡಿದರೆ ತಾನಾಗಿ ಹೋಗುತ್ತೆ. ಹಿಂದೆ ಮುಂದೆ ತಳ್ಳಿ 'ನೀರು ಕುಡಿಸುವ' ಅಗತ್ಯ ಇಲ್ಲ, ಹಿಂದಕ್ಕೆ ಎಳೆದಾಗ ನೀರು ಕಿವಿರಿನಲ್ಲಿ ತಪ್ಪು ದಿಕ್ಕಿಗೆ ಹೋಗುತ್ತೆ.

ಇದೆಲ್ಲ ಕೊಕ್ಕೆ ತುಟಿಗೆ ಸಿಕ್ಕಿದ್ದರೆ. ಎರೆಹುಳು, ಹಿಟ್ಟಿನಂಥ ವಾಸನೆಯ ಎರೆ ಹಾಕಿದಾಗ ಹಾಗಾಗೋದು ಕಡಿಮೆ. ರುಚಿ ಇದೆ ಅಂತ ಮೀನು ನುಂಗಿಬಿಡುತ್ತೆ, ಕೊಕ್ಕೆ ಗಂಟಲಿಗೋ ಕಿವಿರಿಗೋ ಇಳಿಯುತ್ತೆ. ಫ್ಲೈ (ಕೊಕ್ಕೆಗೆ ಗರಿ, ದಾರ ಸುತ್ತಿ ಮಾಡಿದ ನಕಲಿ ಹುಳ) ಆದರೆ ಮೋಸ ಗೊತ್ತಾಗಿ ಉಗುಳೋಕೆ ಹೋಗಿ ತುಟಿಯಲ್ಲೇ ಸಿಕ್ಕಿಕೊಳ್ಳುತ್ತೆ. ಬೆನೆಟ್ ಸ್ಪ್ರಿಂಗಿನಲ್ಲಿ ಏನು ಹಾಕಿ ಹಿಡಿಯಬಹುದು ಅನ್ನೋದರ ಮೇಲೆ ಹೊಳೆಯನ್ನು ಮೂರು ವಲಯ ಮಾಡಿದ್ದಾರೆ. ಅದಕ್ಕೇ ಬಿಡುವ ಮನಸ್ಸಿರುವವರು ಒಂದನೇ ವಲಯಕ್ಕೆ ಹೋಗಬೇಕು, ಅಲ್ಲಿ ಫ್ಲೈ ಮಾತ್ರ. ಫ್ಲೈ ರಾಡ್ ಇಲ್ಲ ಅನ್ನೋದು ನೆಪ ಆಗಲ್ಲ: ಮಾಮೂಲಿ ಸ್ಪಿನ್ನಿಂಗ್ ರಾಡಿಗೇ ಒಂದು ತೇಲುಬುರುಡೆ ಕಟ್ಟಿ, ಅದರ ಕೆಳಗೆ ಎರಡು ಮೂರು ಅಡಿ ದಾರ ಬಿಟ್ಟು ಫ್ಲೈ ಹಾಕಬಹುದು. ಮೂರನೇ ವಲಯದಲ್ಲಿ ಎರೆ ಹಾಕಿ ಕೂತು, ನುಂಗಿದ ಕೊಕ್ಕೆಯನ್ನು ಎಳೆದು ಕಿತ್ತು, ರಕ್ತ ಸೋರುವ ಮೀನನ್ನು 'ಬಿಟ್ಟೆ' ಅನ್ನೋದು ಬಿಟ್ಟ ಹಾಗಲ್ಲ. ಅದನ್ನು ಇಟ್ಟುಕೊಳ್ಳಿ. ದಿನಕ್ಕೆ ನಾಲ್ಕು ಟ್ರೌಟ್‌ಗೆ ಅವಕಾಶ ಇದೆ. ಬಿಡಲೇಬೇಕು ಅನ್ನಿಸಿದರೆ ಬಾಯಿಯ ಹತ್ತಿರ ದಾರ ಕತ್ತರಿಸಿ, ಕೊಕ್ಕೆ ಒಳಗೇ ಇರಲಿ, ಎಳೆಯಬೇಡಿ.

ನಮ್ಮವರಲ್ಲಿ ಅನೇಕರು ಹೇಳೋದು: ನಾವು ಸಸ್ಯಾಹಾರಿಗಳು, ತಿನ್ನಲ್ಲ, ಮಕ್ಕಳ ಖುಷಿಗೆ ಹಿಡಿದು ಬಿಡ್ತೀವಿ, ಕೊಲ್ಲೋದಕ್ಕಿಂತ ಅದು ಮೇಲಲ್ವಾ? ಅಲ್ಲ. ತಿನ್ನೋಕೆ ಅಂತ ಹಿಡಿದವನು ತಲೆಗೊಂದು ಏಟು ಕೊಟ್ಟು ಕ್ಷಣದಲ್ಲಿ ಮುಗಿಸುತ್ತಾನೆ. ನೀವು ಅದನ್ನು ದಿನಗಟ್ಟಲೆ ಸಾಯಿಸುತ್ತೀರಿ. ಮಕ್ಕಳಿಗೆ ಮೀನು ತೋರಿಸೋದೇ ಉದ್ದೇಶ ಆದರೆ ಪಾರ್ಕಿನೊಳಗೇ ಮೀನುಮರಿ ಕೇಂದ್ರ ಇದೆ, ತೊಟ್ಟಿಗಳಲ್ಲಿ ಸಾವಿರಾರು ಟ್ರೌಟ್, ಕೊಕ್ಕೆ ಬೇಕಾಗಿಲ್ಲ.

'ಅವು ಸಾಕಿದ ಮೀನು ತಾನೇ, ದಿನಾ ರಾತ್ರಿ ತಂದು ಸುರೀತಾರೆ' ಅನ್ನುವವರೂ ಇದ್ದಾರೆ. ನಿಜ, ರೇನ್‌ಬೋ ಟ್ರೌಟ್ ಮಿಸ್ಸೂರಿಯ ಮೂಲನಿವಾಸಿಯಲ್ಲ. 1880ರ ದಶಕದಲ್ಲಿ ಕ್ಯಾಲಿಫೋರ್ನಿಯಾದಿಂದ ತಂದದ್ದು. ಇಲ್ಲಿ ಉಳಿದಿರೋದು ನೆಲದಡಿಯಿಂದ ಉಕ್ಕುವ ಊಟೆಯ ದೆಸೆಯಿಂದ: ದಿನಕ್ಕೆ ಸುಮಾರು 10 ಕೋಟಿ ಗ್ಯಾಲನ್, ಅಂದರೆ 38 ಕೋಟಿ ಲೀಟರ್ ನೀರು, ವರ್ಷವಿಡೀ 14 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಣ್ಣೀರು, ಒಂದೂವರೆ ಮೈಲಿ ಹರಿದು ನಯಾಂಗ್ವಾ ನದಿ ಸೇರುತ್ತೆ. ಹಾಗಂತ ಸಾಕಿದ ಮೀನಿಗೆ ಕಿವಿರು ಬೇರೆ ಥರ ಇರುತ್ತಾ?

ಇಟ್ಟುಕೊಳ್ಳುವವರಿಗೂ ಒಂದು ಮಾತು. ದಾರಕ್ಕೆ ಪೋಣಿಸಿ ಮಧ್ಯಾಹ್ನದವರೆಗೆ ನೀರಲ್ಲಿ ಒದ್ದಾಡಿಸಬೇಡಿ. ಕೊಂದು, ಕಿವಿರು ಕತ್ತರಿಸಿ ರಕ್ತ ಇಳಿಸಿ, ಐಸಿನಲ್ಲಿಡಿ. ಹೊಟ್ಟೆ ಸೀಳಿ ಕರುಳು ತೆಗೆದ ಮೇಲೆ ಬೆನ್ನುಮೂಳೆಯ ಉದ್ದಕ್ಕೂ ಕಪ್ಪು ರಕ್ತದ ಗೆರೆ ಇರುತ್ತೆ, ಹೆಬ್ಬೆರಳಿನ ಉಗುರಿನಿಂದ ಕೆರೆದು ತೆಗೆಯಿರಿ, ಕಹಿ ಬರೋದು ಅದರಿಂದ. ಹುರುಪೆ ತೆಗೆಯೋದು ಬೇಡ. ಬಂಗುಡೆಗೆ ಹಾಕುವಷ್ಟು ಹುಣಸೆಹುಳಿ ಹಾಕಿ ರಾತ್ರಿಯಿಡೀ ನೆನೆಸಿದರೆ ಮೆತ್ತಗಾಗಿ ಕಾವಲಿಯಲ್ಲಿ ಪುಡಿಯಾಗುತ್ತೆ. ಉಪ್ಪು, ಅರಿಸಿನ, ಖಾರದಪುಡಿ ಹಚ್ಚಿ ಹದಿನೈದು ನಿಮಿಷ ಸಾಕು, ಮೇಲೆ ಸಣ್ಣ ರವೆ.

ಕ್ಯಾಂಪಿಂಗ್ ಬಗ್ಗೆ ಹೆಚ್ಚೇನಿಲ್ಲ. ಪಾರ್ಕಿಗೆ ಪ್ರವೇಶ ಶುಲ್ಕ ಇಲ್ಲ, ಜಾಗ ಮಾತ್ರ ತಿಂಗಳುಗಳ ಮುಂಚೆ ಕಾದಿರಿಸಿ. ಸೌದೆ ಮನೆಯಿಂದ ತರಬೇಡಿ, ಆಶ್ ಮರಗಳನ್ನು ಕೊಲ್ಲುವ ಹುಳ ಅದರಲ್ಲೇ ಊರೂರು ಸುತ್ತುತ್ತೆ. ನ್ಯಾಚುರಲ್ ಟನಲ್ ಟ್ರೇಲ್ ಹೋಗಿ ಬರೋಕೆ ಸುಮಾರು 12 ಕಿಲೋಮೀಟರ್, ಉಣ್ಣಿ ವಿಪರೀತ: ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಬಟ್ಟೆಗೆ ಹಿಂದಿನ ದಿನವೇ ಪರ್ಮೆತ್ರಿನ್ ಅನ್ನೋ ಕೀಟನಾಶಕ ಹೊಡೆದು ಒಣಗಿಸಿ. ನೀರಿಗೆ ಇಳಿಯುವ ಬೂಟಿಗೆ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ಅಡಿ ಇರಬಾರದು. ತೇವ ಹಿಡಿದಿಡುವ ಅಡಿಯಲ್ಲಿ ಪಾಚಿ ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗುತ್ತೆ ಅಂತ 2012ರಲ್ಲೇ ನಿಷೇಧಿಸಿದ್ದಾರೆ.

ಮಾರ್ಚ್ 1ರಿಂದ ಅಕ್ಟೋಬರ್ 31ರವರೆಗೆ ದಿನದ ಟ್ಯಾಗ್ (ಆ ದಿನದ ಅನುಮತಿ ಚೀಟಿ) ಪಡೆದು, ಬೆಳಿಗ್ಗೆ ಪಾರ್ಕಿನ ಸೈರನ್ ಕೂಗಿದ ಮೇಲೆ ಗಾಳ ಹಾಕೋದು ಕ್ರಮ. ಹಿಡಿದು ಬಿಡೋದೇ ಇಷ್ಟ ಅನ್ನುವವರಿಗೆ ಅಂತಲೇ ಚಳಿಗಾಲದ ಋತು ಇದೆ: ನವೆಂಬರ್ ಎರಡನೇ ಶುಕ್ರವಾರದಿಂದ ಫೆಬ್ರವರಿ ಎರಡನೇ ಸೋಮವಾರದವರೆಗೆ, ಶುಕ್ರವಾರದಿಂದ ಸೋಮವಾರ ಮಾತ್ರ. ಫ್ಲೈ ಮಾತ್ರ, ಹಿಡಿದದ್ದನ್ನೆಲ್ಲ ಬಿಡಲೇಬೇಕು. ಆಗ ಮೀನುಗಾರಿಕೆ ಪರವಾನಗಿಯ ಜೊತೆ ಟ್ರೌಟ್ ಪರ್ಮಿಟ್ ಬೇಕು, ದಿನದ ಟ್ಯಾಗ್ ಬೇಡ. ಜನ ಕಡಿಮೆ, ನೀರು ಅದೇ 14 ಡಿಗ್ರಿ. ಹೊರಗಿನ ಗಾಳಿ ಶೂನ್ಯದ ಕೆಳಗಿದ್ದರೆ ಮೀನನ್ನು ಎತ್ತಲೇಬೇಡಿ, ಒದ್ದೆ ಕಿವಿರು ಹೊರಗೆ ಹೆಪ್ಪುಗಟ್ಟುತ್ತೆ. ಉಣ್ಣೆಯ ಕೈಗವಸು ಹಾಕಿದ್ದರೆ ಮುಟ್ಟುವ ಮೊದಲು ಬಿಚ್ಚಿ, ಕೈ ನೀರಿಗೆ ಅದ್ದಿ. ಚಳಿ ತಡೆಯೋಕಾಗಲ್ಲ ಅಂದರೆ ಮೀನನ್ನು ಮುಟ್ಟದೆ, ಫೋರ್ಸೆಪ್ಸ್‌ನಿಂದ ಕೊಕ್ಕೆ ಮಾತ್ರ ತಿರುಗಿಸಿ ಬಿಡಿ.